ತಬಲಾ ಯಾರದ್ದು ಅಂತ ಈಗ ಯಾರನ್ನು ಕೇಳೋಣ?

ಮುಂಬೈಯ ಕಾಲಾ ಘೋಡಾದಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿ ಹತ್ತಿರದ ಮೂಲೆಯಲ್ಲಿ ರಿದಮ್ ಹೌಸ್ ಇತ್ತು. 1948ರಲ್ಲಿ ಶುರುವಾದ ಮ್ಯೂಸಿಕ್ ಅಂಗಡಿ, 2016ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿತು. ಮುಂಬೈಯಲ್ಲಿ ನೌಕರಿ ಮಾಡಿದ ನಮ್ಮಂಥ ಧಾರವಾಡದ ಕಡೆಯವರಿಗೆ, ಅದರಲ್ಲೂ ಸಂಗೀತದ ಹುಚ್ಚಿದ್ದವರಿಗೆ, ಫೋರ್ಟ್ ಕಡೆ ಹೋದರೆ ಅಲ್ಲಿಗೆ ಹೋಗದೆ ಮನೆಗೆ ಬರಲು ಮನಸ್ಸಾಗುತ್ತಿರಲಿಲ್ಲ.

ಮುಚ್ಚಿದ್ದೇಕೆ ಅಂತ ಎಲ್ಲರಿಗೂ ಗೊತ್ತು. ಮೊದಲು ಪೈರಸಿ, ಆಮೇಲೆ ಆನ್‌ಲೈನ್ ಮಾರಾಟ, ಆಮೇಲೆ ಫೋನಿನಲ್ಲೇ ಎಲ್ಲ ಹಾಡು. ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿಡಿ ಬಂತು, ಅಂಗಡಿ ಎಲ್ಲದಕ್ಕೂ ಹೊಂದಿಕೊಂಡಿತು. ಕೈಯಲ್ಲಿ ಹಿಡಿಯೋ ವಸ್ತುವೇ ಬೇಡ ಅಂತ ಜನ ಅಂದಮೇಲೆ ಕಪಾಟಿನಲ್ಲಿ ಇಡೋದಾದರೂ ಏನನ್ನು?

ನನಗೆ ಬೇಜಾರು ಬೇರೆ ವಿಷಯಕ್ಕೆ. ಅಲ್ಲಿ ಕೌಂಟರ್ ಹಿಂದೆ ನಿಂತವರಿಗೆ ಸಂಗೀತ ಗೊತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಏಕ್ ನಿಷಾದ್ ಬಿಹಾಗಡಾ ರಾಗ ಇದೆಯಾ ಅಂತ ಕೇಳಿದರೆ 'ಯಾವ ರೆಕಾರ್ಡಿಂಗ್?' ಅಂತ ತಿರುಗಿ ಕೇಳುತ್ತಿದ್ದರು. ಬೂತ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಬಹುದಿತ್ತು. ಕೊಳ್ಳದೆ ಬಂದರೂ ಯಾರೂ ಮುಖ ಗಂಟು ಹಾಕುತ್ತಿರಲಿಲ್ಲ.

ಎಲ್‌ಪಿ ಕವರ್ ಅಂದರೆ ಹನ್ನೆರಡು ಇಂಚಿನ ರಟ್ಟು. ಅದರ ಹಿಂಬದಿಯಲ್ಲಿ ರಾಗ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು, ಗಾಯಕರ ಗುರು ಯಾರು, ಘರಾಣೆ (ಗಾಯನ ಪರಂಪರೆ) ಯಾವುದು ಅಂತ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ನನ್ನ ಸಂಗೀತದ ತಿಳಿವಳಿಕೆ ಅರ್ಧ ಬಂದದ್ದು ಅದನ್ನು ಓದಿಯೇ. ಈಗ ಫೋನಿನಲ್ಲಿ ಅದೇ ಹಾಡು ಹಾಕಿದರೆ ಗಾಯಕರ ಹೆಸರು, ಒಂದು ಫೋಟೋ, ಮುಗೀತು. ತಬಲಾದವರು ಇಪ್ಪತ್ತು ನಿಮಿಷ ಠೇಕಾ (ತಾಳದ ಮೂಲ ನುಡಿತ) ಹಿಡಿದು ಕೂತಿರುತ್ತಾರೆ, ಅವರ ಹೆಸರೇ ಇಲ್ಲ. ಇದು ಅನ್ಯಾಯ ಅಲ್ವಾ?

ಅಂಗಡಿಯ ಕಟ್ಟಡವನ್ನು ಆಮೇಲೆ ನೀರವ್ ಮೋದಿಯ ಕಂಪನಿ ಕೊಂಡಿತು. 2018ರಲ್ಲಿ ಬ್ಯಾಂಕ್ ವಂಚನೆಯ ಕೇಸಾಗಿ ಆ ಕಟ್ಟಡ ಜಾರಿ ನಿರ್ದೇಶನಾಲಯದ (ಇ.ಡಿ.) ಕೈಗೆ ಹೋಯಿತು. ಆ ಕಥೆ ಪೇಪರಿನಲ್ಲಿ ಬೇಕಾದಷ್ಟು ಬಂದಿದೆ, ಬಿಡಿ.

ಎಲ್‌ಪಿ ಈಗ ಮತ್ತೆ ಬರುತ್ತಿದೆ, ಸಂತೋಷ. ಆದರೆ ಎಲ್ಲರೂ ಪ್ಲೇಯರ್ ಕೊಳ್ಳೋಕೆ ಆಗಲ್ಲ. ಹಳೆಯ ರೆಕಾರ್ಡಿಂಗ್‌ಗಳ ಹಕ್ಕು ಇರುವ ಕಂಪನಿಗಳು ಆ ಕವರ್‌ಗಳ ಹಿಂಬದಿಯನ್ನು ಸ್ಕ್ಯಾನ್ ಮಾಡಿ ಹಾಡಿನ ಜೊತೆಗೇ ಹಾಕಲಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಎಲ್‌ಪಿ ಇದ್ದರೆ, ರದ್ದಿಗೆ ಹಾಕುವ ಮೊದಲು ಎರಡೂ ಬದಿಯ ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ. ಹಿಂಬದಿ ಮರೀಬೇಡಿ.