ಲೇಟಾಗಿ ಬಂದವರು ಯಾರು?

2022ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ಗೆ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಅಭಿಮಾನಿಗಳು ಲೇಟಾಗಿ ಬಂದಿದ್ದರಿಂದ ಗಲಾಟೆಯಾಯಿತು ಎಂದು ಆ ಪಂದ್ಯದ ಬಗೆಗಿನ ಲೇಖನ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಅದು ಅವತ್ತು ಸ್ಟೇಡಿಯಂನ ದೊಡ್ಡ ಪರದೆ ಮೇಲೆ ಹಾಕಿದ್ದ ಸಬೂಬು ಅಷ್ಟೇ.

ಸಾವಿರಾರು ಜನ ಗಂಟೆಗಟ್ಟಲೆ ಮೊದಲೇ ಬಂದಿದ್ದರು. ಒಂದು ರೈಲು ಮಾರ್ಗದಲ್ಲಿ ಮುಷ್ಕರ. ಹಾಗಾಗಿ ಜಾಸ್ತಿ ಜನ ಇನ್ನೊಂದು ಮಾರ್ಗದಲ್ಲಿ ಬಂದಿಳಿದರು. ಅವರನ್ನೆಲ್ಲ ಹೆದ್ದಾರಿ ಕೆಳಗಿನ ಇಕ್ಕಟ್ಟಾದ ದಾರಿಗೆ ಕಳಿಸಿದರು. ಅಲ್ಲಿ ಪೊಲೀಸ್ ವ್ಯಾನುಗಳು ಬೇರೆ ಅಡ್ಡ ನಿಂತಿದ್ದವು. ಟಿಕೆಟ್ ತಪಾಸಣೆಯೂ ಅಲ್ಲೇ! ಹಿಂದಿನಿಂದ ಜನ ಬರ್ತಾನೇ ಇದ್ದಾರೆ, ಮುಂದೆ ಹೋಗೋಕೆ ಜಾಗವಿಲ್ಲ. ಹೇಗೋ ಗೇಟು ಮುಟ್ಟಿದರೆ ಅದೂ ಬಂದ್, ಯಾಕೆ ಅಂತ ಹೇಳುವವರಿಲ್ಲ. ಮಕ್ಕಳು, ಗಾಲಿಕುರ್ಚಿಯವರು ಇದ್ದ ಕಡೆಗೂ ಅಶ್ರುವಾಯು. ಸ್ಟೇಡಿಯಂ ನೂಕುನುಗ್ಗಲಿನಲ್ಲಿ ಸಿಕ್ಕಿ ಲಿವರ್‌ಪೂಲ್ ಅಭಿಮಾನಿಗಳು ಸತ್ತ 1989ರ ಹಿಲ್ಸ್‌ಬರೊ ದುರಂತ ಮರೆಯದ ಜನ ಅವರು. ನೂಕಾಡದೆ ತಾಳ್ಮೆಯಿಂದ ನಿಂತಿದ್ದಕ್ಕೆ ಜೀವಗಳು ಉಳಿದವು.

ಆಟ 36 ನಿಮಿಷ ತಡವಾಗಿ ಶುರುವಾಯಿತು. ಫ್ರಾನ್ಸಿನ ಆಗಿನ ಗೃಹ ಸಚಿವರಂತೂ 30-40 ಸಾವಿರ ಮಂದಿ ಟಿಕೆಟ್ ಇಲ್ಲದೆ ಅಥವಾ ನಕಲಿ ಟಿಕೆಟ್ ಹಿಡಿದು ಬಂದಿದ್ದರು ಅಂದರು. ಗೇಟಿನಲ್ಲಿ ಸಿಕ್ಕ ನಕಲಿ ಟಿಕೆಟ್ ಮೂರು ಸಾವಿರವೂ ಇರಲಿಲ್ಲ! 2023ರ ಫೆಬ್ರವರಿಯಲ್ಲಿ ಬಂದ ಸ್ವತಂತ್ರ ತನಿಖಾ ವರದಿ ಮುಖ್ಯ ಹೊಣೆ ಪಂದ್ಯ ನಡೆಸಿದ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎದ್ದೇ ಎಂದಿತು. ಮುಂದಿನ ತಿಂಗಳೇ ಲಿವರ್‌ಪೂಲ್ ಪಾಲಿನ 19,618 ಟಿಕೆಟ್‌ಗಳ ದುಡ್ಡು ವಾಪಸ್ ಕೊಡುವುದಾಗಿ ಯುಇಎಫ್‌ಎ ಹೇಳಿತು. ತಪ್ಪು ಅಭಿಮಾನಿಗಳದ್ದೇ ಆಗಿದ್ದರೆ ಸುಮ್ನೆ ಯಾರಾದರೂ ದುಡ್ಡು ವಾಪಸ್ ಕೊಡ್ತಾರಾ? ದಯವಿಟ್ಟು ಆ ಸಾಲು ತಿದ್ದಿ.