ರಾಜೀನಾಮೆ ಎಂಬ ಕಿರುಸಾಹಿತ್ಯ

ಧಾರವಾಡದಲ್ಲಿ ಕಲ್ಲು ಒಗೆದರೆ ಸಾಹಿತಿಯ ಮನೆಗೇ ಬೀಳುತ್ತದೆ ಎಂಬುದು ಹಳೆಯ ಮಾತು. ಅದೇ ಕಲ್ಲನ್ನು ಇನ್ನಷ್ಟು ಜೋರಾಗಿ ಒಗೆದು ಹುಬ್ಬಳ್ಳಿ ದಾಟಿಸಿ ಹಾವೇರಿ ಮುಟ್ಟಿಸಿದರೆ ಮಾಜಿ ಸಚಿವರ ಮನೆಯ ಹೆಂಚು ಒಡೆಯುತ್ತದೆ. ಅವರೂ ಬರೆಯುವವರೇ. ಅವರ ಸಾಹಿತ್ಯ ಪ್ರಕಾರದ ಹೆಸರು ರಾಜೀನಾಮೆ ಪತ್ರ. 2023ರ ಜನವರಿಯಲ್ಲಿ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಸರ್ಕಾರವನ್ನೇ ಕೆಡವಬಲ್ಲ ಈ ಕಿರುಸಾಹಿತ್ಯಕ್ಕೆ ಮಾತ್ರ ಯಾರೂ ಒಂದು ಗೋಷ್ಠಿ ಇಡಲಿಲ್ಲ.

ಬರೆಯುವ ಉಮೇದು ಎಲ್ಲಿಂದ ಬರುತ್ತದೆ ಅಂದರೆ, ಲೆಕ್ಕದಿಂದ. ವಿಧಾನಸಭೆಯಲ್ಲಿ 224 ಸ್ಥಾನ. ಸಂವಿಧಾನದ 91ನೇ ತಿದ್ದುಪಡಿಯ ಪ್ರಕಾರ ಶೇ 15ಕ್ಕಿಂತ ಹೆಚ್ಚು ಮಂತ್ರಿಗಳು ಇರುವಂತಿಲ್ಲ. ಅದು 33.6 ಆಗುತ್ತದೆ. ಮಂತ್ರಿಯನ್ನು ಕತ್ತರಿಸಿ ಕೊಡಲು ಬಾರದ್ದರಿಂದ ಮುಖ್ಯಮಂತ್ರಿಯೂ ಸೇರಿ 34. ಬಹುಮತಕ್ಕೆ 113 ಬೇಕು. ಅಂದಮೇಲೆ ಪ್ರಮಾಣವಚನಕ್ಕೆಂದು ಬಟ್ಟೆ ಹೊಲಿಸಿಟ್ಟುಕೊಂಡು ಕಾಯುವವರು ಕಡಿಮೆ ಅಂದರೂ 79 ಮಂದಿ. ಒಂದಿಷ್ಟು ಜನರನ್ನು ನಿಗಮ-ಮಂಡಳಿಯ ಕುರ್ಚಿಯಲ್ಲಿ ಕೂರಿಸಿ ಸಮಾಧಾನ ಮಾಡಬಹುದು. ಉಳಿದವರ ಕೈಗೆ ಪೆನ್ನು ಬರುತ್ತದೆ.

ವಿಳಾಸ ತಪ್ಪಬಾರದು. ಶಾಸಕತ್ವ ಬಿಡುವವರು ಸಭಾಧ್ಯಕ್ಷರಿಗೆ, ಪರಿಷತ್ತು ಬಿಡುವವರು ಸಭಾಪತಿಗೆ, ಪಕ್ಷ ಬಿಡುವವರು ಪಕ್ಷದ ಅಧ್ಯಕ್ಷರಿಗೆ ಬರೆಯಬೇಕು. ವಾಕ್ಯ ಒಂದೇ ಸಾಕು: ‘ಇಂಥ ದಿನದಿಂದ ನನ್ನ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.’ ಪತ್ರ ಕೆಡುವುದು ಎರಡನೇ ವಾಕ್ಯದಲ್ಲಿ. ‘ಕ್ಷೇತ್ರದ ಜನರ ಹಿತಕ್ಕಾಗಿ’ ಎಂದು ಸೇರಿಸುವ ಚಟ ನಮ್ಮವರಿಗೆ ಬಿಡದು. ರಾಜೀನಾಮೆ ಸ್ವಂತ ಇಚ್ಛೆಯದ್ದು, ನಿಜವಾದದ್ದು ಎಂದು ಸಭಾಧ್ಯಕ್ಷರಿಗೆ ಮನವರಿಕೆ ಆಗಬೇಕು ಎನ್ನುತ್ತದೆ ಸಂವಿಧಾನದ 190ನೇ ವಿಧಿ. ಹಿತ ಯಾರದ್ದು ಎಂದು ಅದು ಕೇಳುವುದೇ ಇಲ್ಲ.

2019ರ ಜುಲೈನಲ್ಲಿ ಶಾಸಕರು ಹಿಂಡಾಗಿ ಪತ್ರ ಹಿಡಿದು ಹೋದಾಗ ಸಭಾಧ್ಯಕ್ಷರು ಕಚೇರಿಯಲ್ಲಿ ಇರಲಿಲ್ಲ. ಕಾರ್ಯದರ್ಶಿ ಕೈಗೆ ಕೊಟ್ಟು ಮುಂಬೈ ವಿಮಾನ ಹತ್ತಿದರು. ಆಮೇಲೆ ಸಭಾಧ್ಯಕ್ಷರು ಪರಿಶೀಲಿಸಿದರೆ ಹಲವು ಪತ್ರ ನಮೂನೆಯಲ್ಲೇ ಇಲ್ಲ! ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮುಂಬೈಯಿಂದ ಹಾರಿ ಬಂದು ಮತ್ತೆ ಬರೆದುಕೊಟ್ಟರು. ಕನ್ನಡ ಶಾಲೆಯಲ್ಲಿ ಶುದ್ಧಬರಹ ಕಡ್ಡಾಯ ಇರಬೇಕು ಎನ್ನುವುದು ಇದಕ್ಕೇ. ಜುಲೈ 23ರಂದು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ 99–105ರಲ್ಲಿ ಬಿತ್ತು. ಬಿದ್ದ ಮೇಲೆ 17 ಶಾಸಕರು ಅನರ್ಹರಾದರು. ಹಿರೇಕೆರೂರಿನ ಬಿ.ಸಿ. ಪಾಟೀಲರು, ರಾಣೆಬೆನ್ನೂರಿನ ಆರ್. ಶಂಕರ್ ಇಬ್ಬರೂ ಹಾವೇರಿ ಜಿಲ್ಲೆಯ ಕೊಡುಗೆ. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರಿನಲ್ಲಿ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ ಹಿರೇಕೆರೂರು ಅದೇ ಪಾಟೀಲರನ್ನು ಆರಿಸಿ ಕಳಿಸಿತು, ಫೆಬ್ರುವರಿಯಲ್ಲಿ ಅವರು ಮಂತ್ರಿಯಾದರು. ಅನರ್ಹತೆಯಿಂದ ಮಂತ್ರಿಗಿರಿಗೆ ಆರು ತಿಂಗಳು ಚಿಲ್ಲರೆ. ಸರ್ಕಾರಿ ನೌಕರಿಯಲ್ಲಿ ಇಷ್ಟು ಬೇಗ ಬಡ್ತಿ ಸಿಕ್ಕವರನ್ನು ತೋರಿಸಿ.

ಶಂಕರ್ ಅವರದು ಇನ್ನೂ ಸೂಕ್ಷ್ಮ ಕುಸುರಿ. ಗೆದ್ದದ್ದು ಕೆಪಿಜೆಪಿ ಎಂಬ ಪುಟ್ಟ ಪಕ್ಷದಿಂದ. ಆ ಪಕ್ಷಕ್ಕೆ ಸದನದಲ್ಲಿ ಅವರೊಬ್ಬರೇ. ಪಕ್ಷ ವಿಲೀನಕ್ಕೆ ಮೂರನೇ ಎರಡು ಭಾಗ ಶಾಸಕರು ಒಪ್ಪಬೇಕು ಎನ್ನುತ್ತದೆ ಕಾನೂನು. ಇಲ್ಲಿ ಮೂರಕ್ಕೆ ಮೂರೂ ಭಾಗ ಒಪ್ಪಿ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ಕೊನೆಗೆ ಆ ವಿಲೀನದ ಪತ್ರವೇ ಅನರ್ಹತೆಯಾಗಿ ಕೊರಳಿಗೆ ಬಿತ್ತು. 2018, 2019, 2021 ಹೀಗೆ ಮೂರು ಸಲ ಪ್ರಮಾಣವಚನ. ನಡುವಿನ ಮಂತ್ರಿಗಿರಿ ಜೂನ್ 14ರಿಂದ ಜುಲೈ 8ರವರೆಗೆ. ಹಾವೇರಿಯಲ್ಲಿ ಗಣ್ಯರಿಗೆ ಏಲಕ್ಕಿ ಮಾಲೆ ಹಾಕುವ ಪದ್ಧತಿ ಸುಮ್ಮನೆ ಬೆಳೆದದ್ದಲ್ಲ. ಹೂವಾದರೆ ಸಂಜೆಗೆ ಬಾಡುತ್ತದೆ. ಏಲಕ್ಕಿ ಒಣಗಿದ್ದೇ ಆದ್ದರಿಂದ ಖಾತೆ ಹೋದ ಮೇಲೂ ಘಮಘಮ, ಮುಂದಿನ ಪ್ರಮಾಣವಚನಕ್ಕೂ ಬರುತ್ತದೆ.

ಹುಬ್ಬಳ್ಳಿಯ ಶೈಲಿ ಬೇರೆ, ಗಂಭೀರ. ಮುಖ್ಯಮಂತ್ರಿ ಆಗಿದ್ದ ಜಗದೀಶ ಶೆಟ್ಟರ್ 2019ರಲ್ಲಿ ಮತ್ತೆ ಬರೀ ಮಂತ್ರಿಯಾಗಲು ಒಪ್ಪಿದವರು. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ತಪ್ಪಿದಾಗ ಶಿರಸಿವರೆಗೂ ಹೋಗಿ ಸಭಾಧ್ಯಕ್ಷ ಕಾಗೇರಿಯವರಿಗೆ ಪತ್ರ ಕೊಟ್ಟು ಕಾಂಗ್ರೆಸ್ ಸೇರಿದರು, ಸೋತರು, ಪರಿಷತ್ತಿಗೆ ಬಂದರು. ಒಂಬತ್ತು ತಿಂಗಳು ತುಂಬುತ್ತಲೇ 2024ರ ಜನವರಿಯಲ್ಲಿ ತವರಿಗೆ ಮರಳಿದರು. ಈ ಸಲದ ಪತ್ರ ಸಭಾಪತಿ ಬಸವರಾಜ ಹೊರಟ್ಟಿಯವರಿಗೆ. ಅವರೂ ಹುಬ್ಬಳ್ಳಿಯವರೇ. ಊರಿನ ಪತ್ರ ಊರಿನವರಿಗೇ! ‘ಸಾಹೇಬ್ರ, ಈಗ ಯಾವ ಪಾರ್ಟಿರೀ?’ ಎಂದು ಗಿರ್ಮಿಟ್ ಅಂಗಡಿಯಲ್ಲಿ ಕೇಳುವುದು ಈ ಕಡೆ ಕ್ಷೇಮಸಮಾಚಾರ ವಿಚಾರಿಸಿದ ಹಾಗೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದಕ್ಕೊಂದು ಪರಂಪರೆಯೂ ಇದೆ. 1989ರಲ್ಲಿ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಬೆಂಬಲ ವಾಪಸ್ ಪಡೆದ 19 ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಬೆನ್ನಿಗೇ ಅವರಲ್ಲಿ ಏಳು ಜನ ‘ನಮ್ಮನ್ನು ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರು’ ಎಂದು ಬೇರೆ ಪತ್ರ ಬರೆದರು. ರಾಜಭವನಕ್ಕೆ ಮೊದಲನೇ ಕಂತೇ ಹಿಡಿಸಿತು, ಸರ್ಕಾರ ವಜಾ ಆಯಿತು. ಬಲಾಬಲ ಸದನದಲ್ಲೇ ತೀರ್ಮಾನವಾಗಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವಷ್ಟರಲ್ಲಿ 1994 ಬಂದಿತ್ತು.

ಇನ್ನೊಂದು ಉಪಪ್ರಕಾರ ಉಂಟು: ‘ರಾಜೀನಾಮೆಗೂ ಸಿದ್ಧ’. ಇದು ಬಾಯಿಮಾತಿನ ಸಾಹಿತ್ಯ. ಮಹದಾಯಿ ನದಿ ನೀರಿನ ವಿಷಯ ಬಂದಾಗ ನರಗುಂದ, ನವಲಗುಂದದ ಕಡೆ ಹೆಚ್ಚು ಕೇಳಿಸುತ್ತದೆ. ನ್ಯಾಯಮಂಡಳಿ 2018ರಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬೇಕಾದದ್ದು 3.9. ಈ ರಾಜೀನಾಮೆಗೆ ನಮೂನೆ ಬೇಕಿಲ್ಲ, ಸಭಾಧ್ಯಕ್ಷರು ಊರಲ್ಲಿರುವುದೂ ಬೇಕಿಲ್ಲ, ಮೈಕ್ ಇದ್ದರೆ ಸಾಕು. ಹಟಕ್ಕೆ ಬಿದ್ದು ಬರೆದರೂ ತಾರೀಖಿನ ಜಾಗ ಖಾಲಿ ಬಿಟ್ಟು, ಮಡಚಿ, ಒಳಗಿನ ಕಿಸೆಯಲ್ಲಿ ಇಟ್ಟುಕೊಳ್ಳುವುದು ವಾಡಿಕೆ.