ಉದ್ಯೋಗ: ಮನೆ ನೋಡಿಕೊಳ್ಳುವುದು

ಅಮೆರಿಕದಲ್ಲಿ 1870 ಮತ್ತು 1880ರ ಜನಗಣತಿಯವರಿಗೆ ಒಂದು ಸೂಚನೆ ಇತ್ತು. ಬೇರೆ ಸಂಪಾದನೆ ಇಲ್ಲದೆ ತನ್ನ ಸಂಸಾರ ನಡೆಸುವ ಹೆಂಗಸಿನ ಉದ್ಯೋಗದ ಕಾಲಂನಲ್ಲಿ 'ಮನೆ ನೋಡಿಕೊಳ್ಳುವುದು' ಎಂದು ಬರೆಯಬೇಕು. ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ತಾಯಿ ಕೆರೊಲಿನ್ ಇಂಗಲ್ಸ್ ಬಗ್ಗೆ ಓದುವಾಗಲೆಲ್ಲ ಈ ಮಾತು ನೆನಪಾಗಿ ಸಂಕಟವಾಗುತ್ತದೆ.

ಆಕೆ 1839ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗಲೇ ಅಪ್ಪ ನೀರುಪಾಲಾದ. ಆದರೂ ಓದಿ, ಸ್ಕೂಲ್ ಟೀಚರ್ ಆದಳು. 1860ರಲ್ಲಿ ಮದುವೆ. ಗಂಡ ಚಾರ್ಲ್ಸ್‌ಗೆ ಹೊಸ ನೆಲದ ಹಂಬಲ. ಕಾನ್ಸಾಸ್, ಮಿನ್ನೆಸೋಟ, ಅಯೋವಾ, ಡಕೋಟ... ಮಕ್ಕಳನ್ನು ಕಟ್ಟಿಕೊಂಡು ಗಾಡಿ ಹತ್ತುವುದು, ಇಳಿಯುವುದು. ಕಾನ್ಸಾಸ್‌ನಲ್ಲಿ ಅವರು ಮನೆ ಕಟ್ಟಿದ ನೆಲ ಅಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನರದ್ದು. ಇದನ್ನು ಬಿಟ್ಟು ಈ ಕಥೆ ಹೇಳಬಾರದು.

'ಮನೆ' ಅಂದರೆ ಎಂಥದ್ದು ಗೊತ್ತಾ? ಮಿನ್ನೆಸೋಟದಲ್ಲಿ ಮೊದಲು ಇದ್ದದ್ದು ಹಳ್ಳದ ದಡ ಕೊರೆದು ಮಾಡಿದ ಮಣ್ಣಿನ ಗೂಡು. ಆ ಕಾಲದ ರೈತ ಹೆಂಗಸರು ಬೂದಿ ನೀರಿಗೆ ಹಂದಿ ಕೊಬ್ಬು ಹಾಕಿ ಕುದಿಸಿ ಸೋಪು ಮಾಡುತ್ತಿದ್ದರು. ಹಸು ಕರೆದು, ಬೆಣ್ಣೆ ಕಡೆದು, ರಾತ್ರಿ ದೀಪದ ಬೆಳಕಲ್ಲಿ ಮಕ್ಕಳ ಬಟ್ಟೆ ಹೊಲಿಯುತ್ತಿದ್ದರು. ಬೆಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳಿಗೆ ಅಂಗಡಿ ಸಾಮಾನು ಬಂದದ್ದು ಅವರ ಬೆಣ್ಣೆ, ಮೊಟ್ಟೆಯಿಂದಲೇ.

ಮಿಡತೆ ಹಿಂಡು ಬಂದು ಇಂಗಲ್ಸ್ ಮನೆಯ ಗೋಧಿ ಪೂರ್ತಿ ತಿಂದು ಹಾಕಿತು. ಚಾರ್ಲ್ಸ್ ಕೂಲಿ ಹುಡುಕಿಕೊಂಡು ಪೂರ್ವದ ಕಡೆ ನಡೆದೇ ಹೋದ. ಇತ್ತ ಮಕ್ಕಳು, ದನ, ಮನೆ ಎಲ್ಲ ಆಕೆಯ ತಲೆ ಮೇಲೆ.

1875ರ ನವೆಂಬರ್‌ನಲ್ಲಿ ಗಂಡು ಮಗು ಹುಟ್ಟಿತು, ಫ್ರೆಡ್ಡಿ. ಮರುವರ್ಷ ಅಯೋವಾಕ್ಕೆ ಹೋಗುವ ದಾರಿಯಲ್ಲಿ ತೀರಿಕೊಂಡಿತು. ಒಂಬತ್ತೇ ತಿಂಗಳು. ಅಲ್ಲೇ ಮಣ್ಣು ಮಾಡಿ ಮುಂದೆ ಹೊರಟರು. ಆಮೇಲೆ ಅಯೋವಾದಲ್ಲಿ ಹೋಟೆಲಿನ ಕೆಲಸ. ಎರಡನೇ ಮಗಳು ಲಾರಾ ದೊಡ್ಡವಳಾಗಿ ತಮ್ಮ ಸಂಸಾರದ ಬಗ್ಗೆ ಮಕ್ಕಳಿಗಾಗಿ ಪುಸ್ತಕಗಳನ್ನೇ ಬರೆದಳು. ಅವುಗಳಲ್ಲಿ ಆ ಮಗು ಇಲ್ಲ. ಅದೆಷ್ಟು ನೋವಿದ್ದಿರಬೇಕು ಅಲ್ವಾ?

1879ರಲ್ಲಿ ಹದಿನಾಲ್ಕರ ಹಿರಿಮಗಳು ಮೇರಿಯ ಕಣ್ಣು ಹೋಯಿತು. ಮರುವರ್ಷದ ಚಳಿಗಾಲ ಡಕೋಟದ ಡಿ ಸ್ಮೆಟ್ ಊರಿನಲ್ಲಿ. ಹಿಮ ಬಿದ್ದು ಬಿದ್ದು ರೈಲು ತಿಂಗಳುಗಟ್ಟಲೆ ನಿಂತಿತು. ಕಲ್ಲಿದ್ದಲು ಮುಗಿದ ಮೇಲೆ ಒಣಹುಲ್ಲು ಹೊಸೆದು ಒಲೆ ಉರಿಸಿದರು. ಹಿಟ್ಟು ಮುಗಿದ ಮೇಲೆ ಕಾಫಿ ಬೀಜ ಪುಡಿ ಮಾಡುವ ಮಿಷನ್ನಿನಲ್ಲಿ ಗೋಧಿ ಬೀಸಿ ರೊಟ್ಟಿ ಮಾಡಿದರು. ಆ ಚಳಿಗಾಲ ಕಳೆದ ಮೇಲೆ, 1881ರಲ್ಲಿ, ಮೇರಿ ಅಯೋವಾದ ವಿಂಟನ್‌ನಲ್ಲಿ ಅಂಧರ ಕಾಲೇಜು ಸೇರಿದಳು. ನನಗೆ ಕೆರೊಲಿನ್ ಮೇಲೆ ಅತಿ ಹೆಚ್ಚು ಗೌರವ ಹುಟ್ಟುವುದು ಇಲ್ಲಿ. ಅಂಥ ಚಳಿಗಾಲ ಕಳೆದು ಬಂದ ಬಡ ಸಂಸಾರ ಕಣ್ಣಿಲ್ಲದ ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಓದಿಗೆ ಕಳಿಸಿತು.

ಇನ್ನು ಜಮೀನು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ ಸರ್ಕಾರದಿಂದ 160 ಎಕರೆ. ಒಂಟಿ ಹೆಂಗಸು, ವಿಧವೆ ಕೂಡ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಬಾಳುವವಳಿಗೆ ಮಾತ್ರ ಆ ಹಕ್ಕಿಲ್ಲ. ಆ ಐದು ವರ್ಷ ಮನೆಯಲ್ಲಿ ಒಲೆ ಆರದಂತೆ ನೋಡಿಕೊಂಡವಳು ಯಾರು? ಪತ್ರದಲ್ಲಿ ಹೆಸರು ಯಾರದು? ಇದು ಅನ್ಯಾಯ. ಕಾಲ ಹಾಗಿತ್ತು ಅಂತ ಸುಮ್ನೆ ಬಿಡಲು ನನ್ನಿಂದಾಗುವುದಿಲ್ಲ.

ಚಾರ್ಲ್ಸ್ 1902ರಲ್ಲಿ ತೀರಿಕೊಂಡ. ಕೆರೊಲಿನ್ ಡಿ ಸ್ಮೆಟ್‌ನ ಮನೆಯಲ್ಲೇ ಮೇರಿಯ ಜೊತೆ ಉಳಿದಳು. 1924ರ ಏಪ್ರಿಲ್‌ನಲ್ಲಿ, 84ನೇ ವಯಸ್ಸಿನಲ್ಲಿ ಕಣ್ಣು ಮುಚ್ಚುವವರೆಗೂ.